ಮೀನು ನೋಡಲು ಹೋಗಿ ನೀರು ನೋಡಿಕೊಂಡು ಬಂದೆವು

ಅಕ್ವೇರಿಯಂ ಒಳಗೆ ಕಾಲಿಟ್ಟ ಮೊದಲ ಐದು ನಿಮಿಷ ಯಾರಿಗೂ ಏನೂ ಸರಿಯಾಗಿ ಕಾಣುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕಲ್ವಾ? ಅಷ್ಟರಲ್ಲಿ ನಾವು ಮೊದಲ ಮೂರು ನಾಲ್ಕು ಟ್ಯಾಂಕ್ ದಾಟಿಬಿಟ್ಟಿರುತ್ತೇವೆ. ಹಿಂದಿನಿಂದ ಜನ ನೂಕುತ್ತಾರೆ. ಮುಂದೆಲ್ಲೋ ಶಾರ್ಕ್ ಇದೆ ಅಂತ ಮಕ್ಕಳು ಕೈ ಹಿಡಿದು ಎಳೆಯುತ್ತವೆ. ಬಾಗಿಲ ಹತ್ತಿರದ ಸಣ್ಣ ಟ್ಯಾಂಕುಗಳಲ್ಲಿರುವ ಮೀನುಗಳಷ್ಟು ನತದೃಷ್ಟ ಮೀನುಗಳು ಬೇರೆ ಇಲ್ಲ. ದಿನವಿಡೀ ಜನ ಅವುಗಳ ಮುಂದೆಯೇ ಹಾದು ಹೋಗುತ್ತಾರೆ, ನಿಲ್ಲುವವರು ಇಲ್ಲ.

ನಮ್ಮಪ್ಪ ನಿಂತರು. ಆದರೆ ಅವರು ನೋಡಿದ್ದು ಮೀನನ್ನಲ್ಲ. ಟ್ಯಾಂಕಿನ ಮೂಲೆಯಲ್ಲಿ ಬೆರಳು ಗಾತ್ರದ ಒಂದು ಪೈಪ್ ಇತ್ತು. ಅದರಿಂದ ನೀರು ಒಳಗೆ ಬರುತ್ತಿತ್ತು. ಅಪ್ಪ ಮಂಡಿ ಮೇಲೆ ಕೈಯಿಟ್ಟು ಬಗ್ಗಿ ಅದನ್ನೇ ನೋಡಿದರು. ಆಮೇಲೆ ಎದುರಿನ ಮೂಲೆಗೆ ಹೋಗಿ ನೀರು ಹೊರಗೆ ಹೋಗುವ ಜಾಲರಿ ಹುಡುಕಿದರು. ಕಲ್ಲಿನ ಹಿಂದೆ ಸಿಕ್ಕಿತು. "ಬರೋದು ಇಲ್ಲಿ, ಹೋಗೋದು ಅಲ್ಲಿ. ಸರಿ" ಅಂದರು. ಆ ಟ್ಯಾಂಕಿನಲ್ಲಿ ಯಾವ ಮೀನಿತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ನೌಕರಿ ಮಾಡಿದ್ದು ನೀರು ಸರಬರಾಜಿನ ಪಂಪ್‌ಹೌಸ್‌ನಲ್ಲಿ. ನಿವೃತ್ತಿಯಾಗಿ ವರ್ಷಗಳೇ ಆದರೂ ಎಲ್ಲಾದರೂ ಮೋಟಾರ್ ಸದ್ದು ಕೇಳಿದರೆ ಕಿವಿ ನಿಮಿರುತ್ತದೆ. ಬೇರಿಂಗ್ ಹೋಗಿದೆ, ಗಾಳಿ ಎಳೀತಿದೆ ಅಂತ ಗೋಡೆಯ ಈ ಕಡೆ ನಿಂತೇ ಹೇಳುತ್ತಾರೆ. ಅಂಥವರನ್ನು ಅಕ್ವೇರಿಯಂಗೆ ಕರೆದುಕೊಂಡು ಹೋದರೆ ಏನಾಗಬಹುದು ಅಂತ ನಾವ್ಯಾರೂ ಯೋಚಿಸಿರಲಿಲ್ಲ. ಮಕ್ಕಳಿಗೆ ರಜೆ, ಹೋಗೋಣ ಅಂದುಕೊಂಡೆವು, ಹೊರಟೆವು, ಅಷ್ಟೇ.

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಇಂಥ ಜಾಗಕ್ಕೆ ಹೋದಾಗ ದೊಡ್ಡ ಕಷ್ಟ ಅಂದರೆ ಒಬ್ಬೊಬ್ಬರ ನಡಿಗೆ ಒಂದೊಂದು ಥರ. ನನ್ನ ಮಗಳಿಗೆ ಏಳು ವರ್ಷ, ಅವಳು ಓಡುತ್ತಾಳೆ. ಅಣ್ಣನ ಮಗನಿಗೆ ಹದಿನಾಲ್ಕು, ಪ್ರತಿ ಫಲಕವನ್ನೂ ಪೂರ್ತಿ ಓದಿ ಅದರಲ್ಲಿ ತಪ್ಪು ಹುಡುಕುತ್ತಾನೆ. ಅಮ್ಮನಿಗೆ ಕೂರೋಕೆ ಎಲ್ಲಿ ಜಾಗ ಇದೆ ಅನ್ನುವುದು ಮುಖ್ಯ. ನಮ್ಮ ಮನೆಯವರು ಯಾವುದಾದರೂ ಒಂದು ಟ್ಯಾಂಕಿನ ಮುಂದೆ ಕಳೆದುಹೋಗುತ್ತಾರೆ, ಫೋನ್ ಮಾಡಿದರೆ ಎತ್ತುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಸಾಗಿಸಬೇಕು ಅಂತ ನಾನು ಸ್ವಲ್ಪ ಹೊತ್ತು ಒದ್ದಾಡಿದೆ. ಆಮೇಲೆ ಕೈಬಿಟ್ಟು ಅಪ್ಪನ ಜೊತೆ ಉಳಿದುಕೊಂಡೆ. ಅದರಿಂದಲೇ ನನಗೆ ಈ ಸಲ ಬೇರೆಯದೇ ಒಂದು ಅಕ್ವೇರಿಯಂ ಕಂಡಿದ್ದು.

ಅಪ್ಪನ ಮೊದಲ ಪ್ರಶ್ನೆ ಸರಳವಾಗಿತ್ತು. ಸಮುದ್ರ ಇಲ್ಲದ ಕಡೆ ಸಮುದ್ರದ ನೀರು ಎಲ್ಲಿಂದ?

ಕಡಲ ತೀರದಲ್ಲೇ ಇರುವ ಅಕ್ವೇರಿಯಂಗಳಿಗೆ ಈ ತಾಪತ್ರಯ ಇಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಎದುರಿನ ಕೊಲ್ಲಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಒಳನಾಡಿನ ಊರುಗಳದ್ದು ಬೇರೆ ಕಥೆ. 1930ರಲ್ಲಿ ಶಿಕಾಗೋದಲ್ಲಿ ಶೆಡ್ ಅಕ್ವೇರಿಯಂ ಶುರುವಾದಾಗ ಫ್ಲೋರಿಡಾದ ತುದಿಯಲ್ಲಿರುವ ಕೀ ವೆಸ್ಟ್‌ನಿಂದ ರೈಲಿನಲ್ಲಿ ನೀರು ತರಿಸಿದ್ದರು. 20 ಟ್ಯಾಂಕರ್ ಬೋಗಿ, 8 ಟ್ರಿಪ್, ಒಟ್ಟು 10 ಲಕ್ಷ ಗ್ಯಾಲನ್. ಅಂದರೆ ಸುಮಾರು 38 ಲಕ್ಷ ಲೀಟರ್. ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. "ಎಂಟು ಟ್ರಿಪ್! ದಾರೀಲಿ ಬಿಸಿಲಿಗೆ ನೀರು ಕೆಡಲಿಲ್ವಾ?" ಅಂತ ಕೇಳಿದರು. ಶಾರ್ಕ್ ನೋಡಿದಾಗಲೂ ಅವರಿಗೆ ಇಷ್ಟು ಖುಷಿ ಆಗಲಿಲ್ಲ.

ಈಗ ಹಾಗೆ ಹೊರುವ ಕಷ್ಟ ಇಲ್ಲ. ಮೂಟೆಗಟ್ಟಲೆ ಲವಣದ ಪುಡಿ ಬರುತ್ತದೆ, ಸಿಹಿನೀರಿಗೆ ಕಲಸುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಜಾಸ್ತಿ ಪಾಲು ನಾವು ದಿನಾ ಬಳಸುವ ಉಪ್ಪೇ. ಆದರೆ ಬರೀ ಅದನ್ನು ಕರಗಿಸಿದರೆ ಸಮುದ್ರ ಆಗುವುದಿಲ್ಲ. ಮೆಗ್ನೀಷಿಯಂ ಬೇಕು, ಪೊಟ್ಯಾಷಿಯಂ ಬೇಕು. ಹವಳ ತನ್ನ ಗೂಡು ಕಟ್ಟಿಕೊಳ್ಳೋಕೆ ಕ್ಯಾಲ್ಸಿಯಂ ಬೇಕು. ಅಳತೆ ಹೆಚ್ಚುಕಡಿಮೆ ಆದರೆ ಮೊದಲು ಗೊತ್ತಾಗುವುದು ಒಳಗಿರುವ ಜೀವಗಳಿಗೆ.

ನೀರು ತರುವುದು ಸುಲಭದ ಭಾಗ. ಕೆಡದಂತೆ ಇಡುವುದೇ ಕಷ್ಟ. ಈ ಮಾತು ಅಪ್ಪ ಹೇಳಿದ್ದು, ಆದರೆ ಅಕ್ವೇರಿಯಂಗಳ ಇತಿಹಾಸ ಪೂರ್ತಿ ಈ ಒಂದು ಮಾತಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಜೀನ್ ವಿಲ್‌ಪ್ರೂ ಪವರ್ ಅಂತ ಒಬ್ಬ ಫ್ರೆಂಚ್ ಹೆಂಗಸು ಇದ್ದಳು. ಮೊದಲು ಪ್ಯಾರಿಸ್‌ನಲ್ಲಿ ಬಟ್ಟೆ ಹೊಲಿಯುವ ಕೆಲಸ ಮಾಡುತ್ತಿದ್ದವಳು. ಮದುವೆಯಾಗಿ ಸಿಸಿಲಿಗೆ ಹೋದ ಮೇಲೆ ಕಡಲ ಜೀವಿಗಳ ಹುಚ್ಚು ಹತ್ತಿತು. ಆರ್ಗೊನಾಟ್ ಅನ್ನುವ ಆಕ್ಟೋಪಸ್ ಜಾತಿಯ ಜೀವಿಗೆ ಕಾಗದದಷ್ಟು ತೆಳ್ಳಗಿನ ಚಿಪ್ಪು ಇರುತ್ತದೆ. ಅದು ತಾನೇ ಮಾಡಿಕೊಂಡಿದ್ದೋ, ಇನ್ಯಾವುದೋ ಜೀವಿಯಿಂದ ಕದ್ದಿದ್ದೋ ಅಂತ ದೊಡ್ಡ ದೊಡ್ಡವರೆಲ್ಲ ಜಗಳ ಆಡುತ್ತಿದ್ದರು. ಇವಳು 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಅದರಲ್ಲಿ ಆರ್ಗೊನಾಟ್ ಸಾಕಿ, ಚಿಪ್ಪನ್ನು ಸ್ವಲ್ಪ ಮುರಿದು ಕಾದಳು. ಅದು ತಾನೇ ರಿಪೇರಿ ಮಾಡಿಕೊಂಡಿತು. ಜಗಳ ಮುಗಿಯಿತು. ವಾದ ಮಾಡುವುದಕ್ಕಿಂತ ಕೂತು ನೋಡುವುದು ಲೇಸು ಅಂತ ಅವಳಿಗೆ ಅನಿಸಿತ್ತು.

ನನಗೆ ಇನ್ನೂ ಇಷ್ಟವಾಗುವುದು ಲಂಡನ್ನಿನ ಆನಾ ಥಿನ್ ಕಥೆ. 1846ರಲ್ಲಿ ಆಕೆ ಟಾರ್ಕಿ ಅನ್ನುವ ಕಡಲೂರಿಂದ ಹವಳದ ಜೀವಿಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದಳು. ಲಂಡನ್ನಿನಲ್ಲಿ ಸಮುದ್ರ ಇಲ್ಲ. ಪಂಪ್ ಇಲ್ಲ, ಕರೆಂಟ್ ಇಲ್ಲ. ನೀರಿಗೆ ಗಾಳಿ ಸೇರಬೇಕು, ಇಲ್ಲದಿದ್ದರೆ ಹವಳ ಸಾಯುತ್ತದೆ. ಹಾಗಾಗಿ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯಬೇಕಿತ್ತು. ಸುರಿಯಬೇಕು, ಮತ್ತೆ ಸುರಿಯಬೇಕು. ದಿನಾ ಅರ್ಧ ಮುಕ್ಕಾಲು ಗಂಟೆ. ಹವಳ ಬದುಕಿತು. ಇತಿಹಾಸದಲ್ಲಿ ಉಳಿದಿದ್ದು ಯಜಮಾನತಿಯ ಹೆಸರು, ರಟ್ಟೆ ನೋಯಿಸಿಕೊಂಡವಳು ಬೇರೆ.

ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಮೊದಲನೇ ಪಂಪ್ ಆಪರೇಟರ್ ಅವಳೇ ಬಿಡು" ಅಂದರು.

ಅದಾಗಿ ಕೆಲವೇ ವರ್ಷಕ್ಕೆ, 1853ರಲ್ಲಿ, ಲಂಡನ್ ಮೃಗಾಲಯದವರು ಸಾರ್ವಜನಿಕರಿಗೆ ಅಂತ ಮೀನಿನ ಮನೆ ತೆರೆದರು. ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ಅದು.

ಇಷ್ಟೆಲ್ಲ ಮಾತಾಡುತ್ತ ದೊಡ್ಡ ಟ್ಯಾಂಕಿನ ಮುಂದೆ ಬಂದೆವು. ಅಲ್ಲಿ ಎಲ್ಲರೂ ಮತ್ತೆ ಸಿಕ್ಕರು. ಮಗಳು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ಒಂದು ತೊರಕೆ ಮೀನು ಬಿಳೀ ಹೊಟ್ಟೆ ತೋರಿಸುತ್ತ ಅವಳ ಮುಖದ ಮುಂದೆಯೇ ಮೇಲಕ್ಕೆ ಏರಿತು. ತೊರಕೆಯ ಹೊಟ್ಟೆಯ ಕಡೆ ಎರಡು ಹೊಳ್ಳೆ, ಅದರ ಕೆಳಗೆ ಬಾಯಿ. ಒಟ್ಟಿಗೆ ನೋಡಿದರೆ ಥೇಟ್ ನಗುಮುಖ. "ಅಮ್ಮಾ, ನಕ್ತು!" ಅಂದಳು. "ಅದು ಕಣ್ಣಲ್ಲ ಕಣೇ, ಮೂಗು. ಕಣ್ಣು ಬೆನ್ನ ಮೇಲಿರತ್ತೆ" ಅಂತ ಅಣ್ಣನ ಮಗ ತಿದ್ದಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳನ್ನು ನೋಡಿ ನಕ್ಕಿದೆ ಅಂದಮೇಲೆ ನಕ್ಕಿದೆ.

ಅಪ್ಪ ಗಾಜಿನ ಬುಡದಲ್ಲಿ ನಿಂತು ಮೇಲೆ ನೋಡಿದರು. "ನೀರು ಎಷ್ಟಿದೆ ಅನ್ನೋದು ಲೆಕ್ಕಕ್ಕಿಲ್ಲ. ಎಷ್ಟು ಎತ್ತರ ನಿಂತಿದೆ ಅನ್ನೋದೇ ಲೆಕ್ಕ" ಅಂದರು. ಸರಿಯಾದ ಮಾತು. ಪ್ರತಿ ಮೀಟರ್ ಎತ್ತರಕ್ಕೆ ಚದರ ಮೀಟರ್‌ಗೆ ಸುಮಾರು ಒಂದು ಟನ್ ಭಾರ ಸೇರುತ್ತ ಹೋಗುತ್ತದೆ. ಎಂಟು ಮೀಟರ್ ಎತ್ತರ ನೀರು ನಿಂತರೆ ಬುಡದ ಒಂದೊಂದು ಚದರ ಮೀಟರ್ ಮೇಲೂ ಎಂಟು ಟನ್. ಟ್ಯಾಂಕ್ ಕೋಣೆಯಷ್ಟಿರಲಿ, ಮೈದಾನದಷ್ಟಿರಲಿ, ಲೆಕ್ಕ ಬದಲಾಗುವುದಿಲ್ಲ.

ಇದನ್ನು ತಡೆಯುವುದು ಗಾಜು ಅಂತ ನಾವು ಬಾಯಲ್ಲಿ ಹೇಳುತ್ತೇವೆ. ದೊಡ್ಡ ಟ್ಯಾಂಕುಗಳಲ್ಲಿ ಅದು ಅಕ್ರಿಲಿಕ್. ಗಾಜು ದಪ್ಪ ಆದಷ್ಟೂ ಹಸಿರು ಛಾಯೆ ಬರುತ್ತದೆ, ಅದರಲ್ಲಿರುವ ಕಬ್ಬಿಣದ ಅಂಶದಿಂದ. ಅಕ್ರಿಲಿಕ್ ಎಷ್ಟು ದಪ್ಪ ಇದ್ದರೂ ತಿಳಿಯಾಗಿಯೇ ಇರುತ್ತದೆ. ಗೀರು ಬಿದ್ದರೆ ಉಜ್ಜಿ ಪಾಲಿಶ್ ಮಾಡಬಹುದು. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಚುರಾಉಮಿ ಅಕ್ವೇರಿಯಂನ ಮುಖ್ಯ ಟ್ಯಾಂಕಿಗೆ ಹಾಕಿರುವ ಫಲಕ 8.2 ಮೀಟರ್ ಎತ್ತರ, 22.5 ಮೀಟರ್ ಉದ್ದ, 60 ಸೆಂಟಿಮೀಟರ್ ದಪ್ಪ. ಅದರ ಹಿಂದೆ 75 ಲಕ್ಷ ಲೀಟರ್ ನೀರು, ತಿಮಿಂಗಿಲ ಶಾರ್ಕ್‌ಗಳು.

"ಒಡೆದ್ರೆ?" ಅಂದ ಅಣ್ಣನ ಮಗ. ಈ ವಯಸ್ಸಿನ ಹುಡುಗರ ತಲೆಗೆ ಮೊದಲು ಬರುವುದೇ ಇದು. ಒಡೆದಿದ್ದೂ ಇದೆ. ಬರ್ಲಿನ್‌ನಲ್ಲಿ ಒಂದು ಹೋಟೆಲ್ಲಿನ ಲಾಬಿಯಲ್ಲಿ ಅಕ್ವಾಡಾಮ್ ಅಂತ ಇತ್ತು. ದುಂಡನೆಯ ಕಂಬದ ಆಕಾರದ ಟ್ಯಾಂಕ್, 10 ಲಕ್ಷ ಲೀಟರ್ ನೀರು, ಸುಮಾರು 1500 ಮೀನು. 2022ರ ಡಿಸೆಂಬರ್ 16ರ ಬೆಳಗಿನ ಜಾವ ಇದ್ದಕ್ಕಿದ್ದಂತೆ ಸಿಡಿದು ನೀರು ಬೀದಿಗೆ ನುಗ್ಗಿತು. ಮೀನುಗಳು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಜನ ಎದ್ದಿರದ ಹೊತ್ತಾದ್ದರಿಂದ ಇಬ್ಬರಿಗೆ ಗಾಯವಾಗಿದ್ದು ಬಿಟ್ಟರೆ ಜೀವಹಾನಿ ಆಗಲಿಲ್ಲ.

ಟ್ಯಾಂಕಿನ ನಡುವೆ ಹಾದುಹೋಗುವ ಸುರಂಗದೊಳಗೆ ಹೋಗುವ ಮುಂಚೆ ಈ ಕಥೆ ಬೇಕಿತ್ತಾ ಅಂತ ಅಮ್ಮ ನನ್ನನ್ನು ಗದರಿದರು. ನ್ಯಾಯವೇ. ನಾಲ್ಕು ಕಡೆ ನೀರು, ತಲೆ ಮೇಲೂ ನೀರು. ಅಮ್ಮ ಕಂಬಿ ಹಿಡಿದು ತಮ್ಮ ಚಪ್ಪಲಿಯನ್ನೇ ನೋಡುತ್ತ ಹೆಜ್ಜೆ ಹಾಕಿದರು. "ರೀ, ಬೇಗ ಬನ್ನಿ" ಅಂತ ಅಪ್ಪನಿಗೆ ಹೇಳಿದರು. ಅಪ್ಪ ಬೇಗ ಬರುವ ಆಸಾಮಿಯೇ ಅಲ್ಲ.

ಈ ಬಾಗಿದ ಸುರಂಗದ ಕಲ್ಪನೆಯನ್ನು ಜನಪ್ರಿಯ ಮಾಡಿದವರು ನ್ಯೂಜಿಲೆಂಡಿನ ಕೆಲ್ಲಿ ಟಾರ್ಲ್ಟನ್. ಸಮುದ್ರಕ್ಕೆ ಇಳಿದು ಮುಳುಗಿದ ಹಡಗುಗಳನ್ನು ಹುಡುಕುತ್ತಿದ್ದ ಮನುಷ್ಯ. ಈಜಲು ಬಾರದವರಿಗೂ ತಾನು ಕಂಡದ್ದು ಕಾಣಬೇಕು ಅನ್ನುವುದು ಅವರ ಹಠ. 1985ರಲ್ಲಿ ಆಕ್ಲೆಂಡ್‌ನಲ್ಲಿ ಅವರ ಅಕ್ವೇರಿಯಂ ತೆರೆಯಿತು. ಕಟ್ಟಿದ್ದು ಎಲ್ಲಿ ಅಂದರೆ, ಬಳಕೆ ತಪ್ಪಿದ ಕೊಳಚೆ ನೀರಿನ ಟ್ಯಾಂಕುಗಳ ಒಳಗೆ. ಅಕ್ವೇರಿಯಂ ತೆರೆದು ಎರಡು ತಿಂಗಳೂ ಆಗಿರಲಿಲ್ಲ, ಟಾರ್ಲ್ಟನ್ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಕೊಳಚೆ ಟ್ಯಾಂಕಿನ ವಿಷಯ ಅಪ್ಪನಿಗೆ ಬಹಳ ಹಿಡಿಸಿತು. ಗಟ್ಟಿ ಕಟ್ಟಿರೋ ಟ್ಯಾಂಕನ್ನ ಯಾಕೆ ಹಾಳು ಬಿಡಬೇಕು ಅನ್ನುವುದು ಅವರ ಮಾತು.

ಅಷ್ಟರಲ್ಲಿ ತಲೆಯ ಮೇಲೆ ಒಂದು ಸ್ಯಾಂಡ್ ಟೈಗರ್ ಶಾರ್ಕ್ ಹಾದು ಹೋಯಿತು. ಬಾಯಿ ಮುಚ್ಚಿದರೂ ಹಲ್ಲು ಹೊರಗೇ ಕಾಣುವ, ನೋಡಲು ಭಯಂಕರವಾದ, ಸ್ವಭಾವದಲ್ಲಿ ಸೌಮ್ಯವಾದ ಶಾರ್ಕ್. ಬಹಳ ಅಕ್ವೇರಿಯಂಗಳಲ್ಲಿ ಇದನ್ನೇ ಇಟ್ಟುಕೊಳ್ಳುವುದಕ್ಕೆ ಅದೇ ಕಾರಣ. ಇದು ಆಗಾಗ ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗುತ್ತದೆ. ಆ ಗಾಳಿಯಿಂದಲೇ ನೀರಿನ ಮಧ್ಯೆ ಹೆಚ್ಚು ಮೈ ಆಡಿಸದೆ ತೇಲಿಕೊಂಡು ಇರುತ್ತದೆ. ಅಮ್ಮ ನೆರಳು ಬಿದ್ದಿದ್ದಕ್ಕೆ ಗಾಬರಿಯಾಗಿ ತಲೆ ಎತ್ತಿದವರು ಹಾಗೇ ನಿಂತರು. "ಹೊಟ್ಟೆ ಎಷ್ಟು ಬೆಳ್ಳಗಿದೆ ನೋಡು" ಅಂದರು. ಕೆಳಗಿನಿಂದ ನೋಡುವ ಬೇಟೆಗೆ ಆ ಬಿಳುಪು ಮೇಲಿನ ಬೆಳಕಿನಲ್ಲಿ ಬೆರೆತುಹೋಗುತ್ತದೆ, ಶಾರ್ಕ್ ಕಾಣುವುದಿಲ್ಲ. ಇಲ್ಲಿ ಬೇಟೆಯ ಜಾಗದಲ್ಲಿ ನಿಂತಿದ್ದವರು ನಾವು. ಅದನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ.

ನಮ್ಮ ಮನೆಯವರು ಕೊನೆಗೂ ಸಿಕ್ಕಿದ್ದು ಜೆಲ್ಲಿ ಫಿಶ್ ಕೋಣೆಯಲ್ಲಿ. ದುಂಡನೆಯ ಟ್ಯಾಂಕಿನ ಎದುರು ನೆಲದ ಮೇಲೆ ಕೂತುಬಿಟ್ಟಿದ್ದರು. ಅವರ ಪಕ್ಕ ಅಪರಿಚಿತ ಮಗುವೊಂದು ಕೂತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ.

ಜೆಲ್ಲಿ ಫಿಶ್ ಸಾಕುವುದು ಬಹಳ ಕಾಲ ಯಾರಿಗೂ ಬಗೆಹರಿಯದ ಸಮಸ್ಯೆಯಾಗಿತ್ತು. ಅದಕ್ಕೆ ತನ್ನಿಷ್ಟಕ್ಕೆ ಈಜಿಕೊಂಡು ಹೋಗುವ ಕಸುವು ಕಮ್ಮಿ. ನೀರು ಒಯ್ದ ಕಡೆ ಹೋಗುತ್ತದೆ. ಚೌಕ ಟ್ಯಾಂಕಿನಲ್ಲಿ ಬಿಟ್ಟರೆ ಮೂಲೆಗೆ ಸಿಕ್ಕಿಕೊಂಡು ಮೈ ಹರಿದು ಸಾಯುತ್ತದೆ. ಜೋರಾಗಿ ನೀರು ಎಳೆಯುವ ಜಾಲರಿ ಇಟ್ಟರೆ ಅದಕ್ಕೆ ಅಂಟಿಕೊಳ್ಳುತ್ತದೆ. 1960ರ ದಶಕದಲ್ಲಿ ಜರ್ಮನಿಯ ವುಲ್ಫ್ ಗ್ರೀವ್ ಇದಕ್ಕೆ ಮೂಲೆಯೇ ಇಲ್ಲದ ಟ್ಯಾಂಕ್ ಮಾಡಿದರು. ನೀರು ಗೋಡೆಗುಂಟ ಮೆಲ್ಲಗೆ ಸುತ್ತುತ್ತದೆ. ಜೆಲ್ಲಿ ಫಿಶ್ ನಡುವೆ ತೇಲುತ್ತದೆ, ಗೋಡೆಗೂ ತಾಗುವುದಿಲ್ಲ, ತಳಕ್ಕೂ ಕೂರುವುದಿಲ್ಲ. ಅಲ್ಲಿ ಜೆಲ್ಲಿ ಫಿಶ್ ಈಜುತ್ತಿದೆ ಅಂತ ನಾವು ನೋಡುತ್ತಿರುವುದು ಬಹುಪಾಲು ನೀರಿನ ಓಟವನ್ನೇ.

ಹತ್ತಿರ ಹೋಗಿ ನೋಡಿ. ಚಂದ್ರ ಜೆಲ್ಲಿಯ ಮೈ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳೀ ಎಳೆಗಳು ಸಾಲಾಗಿ ನೇತಾಡುತ್ತವೆ. ಮೈ ಮುದುಡಿದಾಗ ಅವೆಲ್ಲ ಒಳಗೆ ಎಳೆದುಕೊಳ್ಳುತ್ತವೆ, ಬಿಚ್ಚಿದಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತವೆ. ನಡುವೆ ಹೂವಿನ ಎಸಳಿನಂತೆ ನಾಲ್ಕು ಉಂಗುರ. ಅದರ ಆಚೆ ನಿಂತವರ ಮುಖ ಮೈಯೊಳಗಿಂದಲೇ ಕಾಣುತ್ತದೆ. ಮಿದುಳಿಲ್ಲ, ಹೃದಯವಿಲ್ಲ. ನೂರಕ್ಕೆ 95 ಭಾಗ ನೀರು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೀರಲ್ಲಿ ನೀರು ಇಟ್ಟಿದಾರಲ್ಲೇ!" ಅಂದರು.

ಹಿಂಬದಿ ತೋರಿಸುವ ಟೂರ್ ಇದೆ ಅಂತ ಅಲ್ಲಿ ಫಲಕ ಇತ್ತು. ಇಂಥ ದೊಡ್ಡ ಅಕ್ವೇರಿಯಂಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಜನ ಹೋಗುವುದು ಕಮ್ಮಿ. ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಾಗಿಲು ದಾಟಿದ ಕೂಡಲೇ ನೀಲಿ ಬೆಳಕು, ಮೆಲುವಾದ ಸಂಗೀತ ಎಲ್ಲ ಮಾಯ. ಟ್ಯೂಬ್‌ಲೈಟ್, ಒದ್ದೆ ಸಿಮೆಂಟ್ ನೆಲ, ಮೀನಿನ ವಾಸನೆ, ಕಿವಿ ತುಂಬುವಷ್ಟು ಮೋಟಾರ್ ಸದ್ದು. ಅಪ್ಪ ಒಂದು ಕ್ಷಣ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿಕೊಂಡರು. "ಒಂದು ಓಡ್ತಿದೆ, ಒಂದು ಸ್ಟ್ಯಾಂಡ್‌ಬೈ" ಅಂದರು. ಕರೆದುಕೊಂಡು ಬಂದಿದ್ದ ಹುಡುಗಿ ಅಲ್ಲಿಯವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದಳು. ಅಲ್ಲಿಂದ ಮುಂದೆ ಅವಳ ಮಾತೆಲ್ಲ ಅಪ್ಪನ ಜೊತೆ.

ಆಳೆತ್ತರದ ಮರಳಿನ ಫಿಲ್ಟರ್‌ಗಳು ಸಾಲಾಗಿ ನಿಂತಿದ್ದವು. ಅವು ಅಪ್ಪನಿಗೆ ಗೊತ್ತಿರುವ ಸಾಮಾನು. ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಬಿಟ್ಟು ಫಿಲ್ಟರ್ ತೊಳೆಯುವುದು, ಯಾವಾಗ ಮಾಡ್ತೀರಿ, ಪ್ರೆಶರ್ ಎಷ್ಟು ಏರಿದ ಮೇಲೆ ಅಂತ ವಿಚಾರಣೆ ನಡೆಯಿತು. ಅದರ ಪಕ್ಕದ್ದು ಅವರು ಕಂಡಿರದ ಯಂತ್ರ, ಪ್ರೋಟೀನ್ ಸ್ಕಿಮ್ಮರ್. ಎತ್ತರದ ಕೊಳವೆಯೊಳಗೆ ಬಹಳ ಸಣ್ಣ ಗುಳ್ಳೆಗಳನ್ನು ಬಿಡುತ್ತಾರೆ. ನೀರಲ್ಲಿ ಕರಗಿದ ಜಿಡ್ಡು, ಲೋಳೆ, ಹೊಲಸು ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೆ ಬರುತ್ತದೆ. ತುದಿಯಲ್ಲಿ ಕಂದು ಬಣ್ಣದ ನೊರೆ ಉಕ್ಕಿ ಒಂದು ಬಟ್ಟಲಿಗೆ ಸುರಿಯುತ್ತಿತ್ತು. ಮಗಳು "ಥೂ" ಅಂತ ಮೂಗು ಮುಚ್ಚಿಕೊಂಡಳು. ಆಮೇಲೆ ಅದರ ಮುಂದಿಂದ ಅವಳನ್ನು ಎಬ್ಬಿಸೋಕೇ ಆಗಲಿಲ್ಲ.

ಕೊನೆಯ ತೊಟ್ಟಿಯಲ್ಲಿ ಪ್ಲಾಸ್ಟಿಕ್ ಚಕ್ರಗಳಂಥ ಸಣ್ಣ ಸಣ್ಣ ತುಂಡುಗಳು ರಾಶಿ ರಾಶಿ ನೀರಲ್ಲಿ ಮಗುಚಿಕೊಳ್ಳುತ್ತಿದ್ದವು. ನೋಡಲು ಏನೂ ಇಲ್ಲ. ಇಡೀ ಕಟ್ಟಡ ನಿಂತಿರುವುದು ಅದರ ಮೇಲೇ. ಆ ತುಂಡುಗಳ ಮೈತುಂಬ ಬ್ಯಾಕ್ಟೀರಿಯಾ. ಮೀನು ಅಮೋನಿಯಾ ಹೊರಬಿಡುತ್ತದೆ, ಅದು ಮೀನಿಗೇ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಬೇರೂರಲು ವಾರಗಟ್ಟಲೆ ಬೇಕು. ಹೊಸ ಟ್ಯಾಂಕ್ ಕಟ್ಟಿದವರು ನೀರು ತುಂಬಿಸಿ, ಕಾದು, ಪರೀಕ್ಷೆ ಮಾಡಿ, ಮತ್ತೆ ಕಾದು, ಆಮೇಲೆ ಮೀನು ಬಿಡುತ್ತಾರೆ. ಅವಸರ ಮಾಡಿದವರ ಮೀನು ಉಳಿಯುವುದಿಲ್ಲ.

ಅಪ್ಪನಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಅವರ ನೌಕರಿಯ ಉದ್ದಕ್ಕೂ ಬ್ಲೀಚಿಂಗ್ ಪೌಡರ್, ಕ್ಲೋರಿನ್. ನೀರಲ್ಲಿ ಏನೂ ಬದುಕಬಾರದು ಅನ್ನುವುದೇ ಅವರ ಪಾಠ. ಇಲ್ಲಿ ನಲ್ಲಿ ನೀರಿನ ಕ್ಲೋರಿನ್ ತೆಗೆದ ಮೇಲೆಯೇ ಒಳಗೆ ಬಿಡುವುದು. ರೋಗದ ಕ್ರಿಮಿಗಳಿಗೆ ಓಝೋನ್ ಉಂಟು, ಆದರೆ ಈ ತೊಟ್ಟಿಯ ತಂಟೆಗೆ ಯಾರೂ ಹೋಗುವಂತಿಲ್ಲ. "ನಾನು ಅಷ್ಟು ವರ್ಷ ಕ್ರಿಮಿ ಸಾಯಿಸಿ ಸಂಬಳ ತಗೊಂಡೆ. ಇವರು ಸಾಕಿ ತಗೋತಾರೆ" ಅಂತ ಆ ಹುಡುಗಿಯ ಎದುರೇ ನಕ್ಕರು. ಅವಳೂ ನಕ್ಕಳು. ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತೆ ಅಂತ ಕೇಳಿದರು. ಹೋಗಲು ಬಿಡುವುದಿಲ್ಲ, ಜನರೇಟರ್ ತಾನೇ ಶುರುವಾಗುತ್ತೆ ಅಂದಳು. "ಅದು ಶುರು ಆಗ್ಲಿಲ್ಲ ಅಂದ್ರೆ?" ಪಂಪ್‌ಹೌಸ್‌ನಲ್ಲಿ ರಾತ್ರಿಪಾಳಿ ಮಾಡಿದವರು ಮಾತ್ರ ಕೇಳುವ ಪ್ರಶ್ನೆ.

ಅಡುಗೆಮನೆ ಬೇಗ ನೋಡಿ ಮುಗಿಸಿದೆವು. ಬಂಗುಡೆಯ ಕಿವಿರಿನೊಳಗೆ ಒಬ್ಬರು ವಿಟಮಿನ್ ಮಾತ್ರೆ ತುರುಕುತ್ತಿದ್ದರು. ಫ್ರೀಜರ್‌ನಲ್ಲಿಟ್ಟ ಮೀನಿನಲ್ಲಿ ಬಿ1 ವಿಟಮಿನ್ ಹಾಳಾಗುತ್ತದೆ, ಹಾಗಾಗಿ ಮೇಲಿಂದ ಕೊಡಬೇಕು. ಯಾವ ಶಾರ್ಕ್ ಎಷ್ಟು ತಿಂತು ಅಂತ ಗೋಡೆಯ ಮೇಲೆ ಪಟ್ಟಿ. ಹೊಟ್ಟೆ ತುಂಬಿದ ಶಾರ್ಕ್ ಪಕ್ಕದ ಮೀನಿನ ತಂಟೆಗೆ ಹೋಗುವುದು ಕಮ್ಮಿ. ಹೋಗುವುದೇ ಇಲ್ಲ ಅಂತಲ್ಲ.

ಆಕ್ಟೋಪಸ್ ನಮಗೆ ದರ್ಶನ ಕೊಡಲಿಲ್ಲ. ಮಗಳು ಎಷ್ಟು ಹೊತ್ತು ಕಾದರೂ ಕಲ್ಲಿನ ಸಂದಿಯಿಂದ ಬಂದಿದ್ದು ಒಂದು ತೋಳಿನ ತುದಿ ಮಾತ್ರ. ಅವಳನ್ನು ಸಮಾಧಾನ ಮಾಡಲು ಇಂಕಿಯ ಕಥೆ ಹೇಳಿದೆ. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿರುವ ರಾಷ್ಟ್ರೀಯ ಅಕ್ವೇರಿಯಂನಲ್ಲಿದ್ದ ಆಕ್ಟೋಪಸ್ ಅದು. 2016ರಲ್ಲಿ ಒಂದು ರಾತ್ರಿ ಮುಚ್ಚಳ ಸ್ವಲ್ಪ ಸರಿದಿದ್ದೇ ಸಾಕಾಯಿತು. ಹೊರಗೆ ಬಂದು, ನೆಲದ ಮೇಲೆ ತೆವಳಿ, 50 ಮೀಟರ್ ಉದ್ದದ ಚರಂಡಿ ಪೈಪಿನೊಳಗೆ ನುಸುಳಿ ಸಮುದ್ರ ಸೇರಿಕೊಂಡಿತು. ಮೈಯಲ್ಲಿ ಗಟ್ಟಿ ಭಾಗ ಅಂದರೆ ಕೊಕ್ಕು ಮಾತ್ರ. ಕೊಕ್ಕು ತೂರಿದ ಕಡೆ ಇಡೀ ಮೈ ತೂರುತ್ತದೆ.

ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಅದಕ್ಕೆ ಇಲ್ಲಿರೋದು ಇಷ್ಟ ಇರಲಿಲ್ವಾ?" ಅಂದಳು.

ಈ ಪ್ರಶ್ನೆಯಿಂದ ಯಾವ ತಂದೆತಾಯಿಯೂ ತಪ್ಪಿಸಿಕೊಳ್ಳೋಕೆ ಆಗಲ್ಲ. ಎಲ್ಲ ಟ್ಯಾಂಕಿಗೂ ಒಂದೇ ಉತ್ತರ ನನ್ನ ಹತ್ತಿರ ಇಲ್ಲ. ಎನಿಮೋನ್ ಅನ್ನುವ ಹೂವಿನಂಥ ಕಡಲ ಜೀವಿಯ ನಡುವೆ ಮನೆ ಮಾಡಿಕೊಂಡು ಅಂಗೈಯಗಲದ ಜಾಗ ಬಿಟ್ಟು ಕದಲದ ಕ್ಲೌನ್‌ಫಿಶ್, ಬಾಲವನ್ನು ಹುಲ್ಲಿಗೆ ಸುತ್ತಿಕೊಂಡು ನಿಲ್ಲುವ ಕಡಲ ಕುದುರೆ, ಇವುಗಳನ್ನು ಟ್ಯಾಂಕಿನಲ್ಲೇ ಮರಿ ಮಾಡಿಸಿ ಬೆಳೆಸುತ್ತಾರೆ. ಇವುಗಳ ಬಗ್ಗೆ ನನಗೆ ತಕರಾರು ಕಮ್ಮಿ. ಸಾವಿರಾರು ಕಿಲೋಮೀಟರ್ ವಲಸೆ ಹೋಗುವ ತಿಮಿಂಗಿಲ ಶಾರ್ಕ್‌ಗೆ ಟ್ಯಾಂಕ್ ಎಷ್ಟು ದೊಡ್ಡದಾದರೂ ಟ್ಯಾಂಕೇ. ಮಾಂಟೆರೆ ಬೇ ಅಕ್ವೇರಿಯಂನವರು 2004ರಲ್ಲಿ ಒಂದು ಮರಿ ಬಿಳಿ ಶಾರ್ಕನ್ನು 198 ದಿನ ಇಟ್ಟುಕೊಂಡರು. ಅದಕ್ಕಿಂತ ಮುಂಚೆ ಯಾರಿಗೂ ಅಷ್ಟು ದಿನ ಆ ಜಾತಿಯನ್ನು ಬದುಕಿಸಿ ಇಟ್ಟುಕೊಳ್ಳಲು ಆಗಿರಲಿಲ್ಲ. ಆಮೇಲೆ ಸಮುದ್ರಕ್ಕೆ ಬಿಟ್ಟರು. ಮುಂದೆ ಇನ್ನೂ ಕೆಲವನ್ನು ತಂದರು, 2011ರ ನಂತರ ನಿಲ್ಲಿಸಿದರು. ಆಗುತ್ತದೆ ಅಂತ ತೋರಿಸಿದ ಮೇಲೂ ಬೇಡ ಅಂದರಲ್ಲ, ಅದು ನನಗೆ ಹಿಡಿಸಿತು. ಡಾಲ್ಫಿನ್ ಕುಣಿಸುವ ಜಾಗಕ್ಕಂತೂ ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ. ಈ ಪ್ರಾಣಿ ಎಲ್ಲಿಂದ ಬಂತು ಅಂತ ಫಲಕದಲ್ಲಿ ಬರೆದಿದ್ದಾರಾ ಅಂತ ಮೊದಲು ನೋಡುತ್ತೇನೆ. ಬರೆಯದಿದ್ದರೆ ಕೇಳುತ್ತೇನೆ.

ಅಷ್ಟಾಗಿಯೂ ಒಂದು ವಿಷಯ ನನ್ನ ಲೆಕ್ಕಾಚಾರವನ್ನು ಆಗಾಗ ತಲೆಕೆಳಗು ಮಾಡುತ್ತದೆ. 2020ರಲ್ಲಿ ಕೋವಿಡ್‌ನಿಂದ ಟೋಕಿಯೋದ ಸುಮಿದಾ ಅಕ್ವೇರಿಯಂ ಮುಚ್ಚಿತ್ತು. ಅಲ್ಲಿ ಸುಮಾರು 300 ಗಾರ್ಡನ್ ಈಲ್‌ಗಳಿದ್ದವು. ಮರಳಲ್ಲಿ ಅರ್ಧ ಮೈ ಹುಗಿದುಕೊಂಡು ತಲೆ ಎತ್ತಿ ನಿಲ್ಲುವ, ಸ್ವಲ್ಪ ಹೆದರಿದರೂ ಒಳಗೆ ಸೇರಿಕೊಳ್ಳುವ ಹಾವುಮೀನು ಜಾತಿ. ಜನರನ್ನು ನೋಡದೆ ಅವು ಮನುಷ್ಯರನ್ನೇ ಮರೆತವು. ನೋಡಿಕೊಳ್ಳುವವರು ಹತ್ತಿರ ಹೋದರೂ ಮರಳೊಳಗೆ ಹೋಗಿಬಿಡುತ್ತಿದ್ದವು. ಆರೋಗ್ಯ ಹೇಗಿದೆ ಅಂತ ನೋಡುವುದು ಹೇಗೆ? ಕೊನೆಗೆ ಟ್ಯಾಂಕಿನ ಮುಂದೆ ಟ್ಯಾಬ್ಲೆಟ್‌ಗಳನ್ನು ಇಟ್ಟು, ವಿಡಿಯೋ ಕಾಲ್ ಮಾಡಿ ಮುಖ ತೋರಿಸಿ ಅಂತ ಜನರನ್ನು ಕೇಳಿಕೊಂಡರು. ಜೋರಾಗಿ ಕೂಗಬೇಡಿ ಅಂತಲೂ ಹೇಳಿದ್ದರು.

ಜಪಾನಿನ ಶಿಮೊನೊಸೆಕಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಕೈಕ್ಯೋಕನ್ ಅಕ್ವೇರಿಯಂ ರಿಪೇರಿಗೆ ಅಂತ ಬಾಗಿಲು ಹಾಕಿತು. ಅಲ್ಲಿದ್ದ ಸನ್‌ಫಿಶ್ ಊಟ ಬಿಟ್ಟಿತು, ಟ್ಯಾಂಕಿಗೆ ಮೈ ಉಜ್ಜತೊಡಗಿತು. ರೋಗ ಇರಬಹುದು ಅಂತ ಚಿಕಿತ್ಸೆ ಕೊಟ್ಟರು. ಅದಕ್ಕೆ ಬೇಜಾರಾಗಿರಬೇಕು ಅಂತ ಅಲ್ಲಿ ಕೆಲಸ ಮಾಡುವ ಒಬ್ಬರು ಹೇಳಿದರು. ಸಿಬ್ಬಂದಿಯ ಸಮವಸ್ತ್ರಗಳನ್ನು ತೂಗು ಹಾಕಿ, ಮನುಷ್ಯರ ಮುಖದ ಚಿತ್ರಗಳನ್ನು ಗಾಜಿಗೆ ಅಂಟಿಸಿದರು. ಮರುದಿನವೇ ಮೀನು ಚೇತರಿಸಿಕೊಂಡಿತಂತೆ.

ಇದರಿಂದ ಮೀನಿಗೆ ನಾವು ಇಷ್ಟ ಅಂತ ಹೇಳುವುದು ಜಾಸ್ತಿಯಾಯಿತು. ಒಂದು ಸಲ ಒಳಗೆ ತಂದಮೇಲೆ ಆ ನೀರು, ಆ ಉಪ್ಪು, ಆ ಬ್ಯಾಕ್ಟೀರಿಯಾ ಹೇಗೋ ಗಾಜಿನ ಈಚೆಯ ನಾವೂ ಹಾಗೇ ಅವುಗಳ ದಿನಚರಿಯ ಭಾಗ ಆಗಿಬಿಡುತ್ತೇವೆ ಅಂತ ಮಾತ್ರ ಹೇಳಬಹುದೇನೋ. ತಂದವರು ಅದನ್ನೆಲ್ಲ ಕೊನೆಯವರೆಗೂ ನಡೆಸಬೇಕು, ಹಬ್ಬದ ದಿನವೂ, ಬಾಗಿಲು ಮುಚ್ಚಿದ ದಿನವೂ. ನೀರು ಒಂದು ದಿನ ಬಿಡುವು ಕೊಡುವುದಿಲ್ಲ ಅಂತ ಅಪ್ಪ ಮನೆಯಲ್ಲಿ ಹೇಳುತ್ತಿದ್ದಾಗ ನಾವು ಚಿಕ್ಕವರು, ನಮಗದು ಬರೀ ಗೊಣಗಾಟ.

ಹೊರಗೆ ಬರುವ ದಾರಿಯಲ್ಲಿ ಗೊಂಬೆ ಅಂಗಡಿ, ಅಲ್ಲೊಂದು ರಂಪ, ಅದರ ವಿವರ ಬೇಡ. ಬಾಗಿಲ ಹತ್ತಿರ ಅಭಿಪ್ರಾಯ ಬರೆಯುವ ಪುಸ್ತಕ ಇಟ್ಟಿದ್ದರು. ಆಕ್ಟೋಪಸ್ ಆಚೆ ಬರಬೇಕಿತ್ತು ಅಂತ ಮಗಳು ಬರೆದಳು. ತೊರಕೆ ಮೀನಿನ ಫಲಕದಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ಅಣ್ಣನ ಮಗ ಬರೆದ. ಕೂರೋಕೆ ಇನ್ನೂ ನಾಲ್ಕು ಬೆಂಚ್ ಹಾಕಿಸಿ ಅಂತ ಅಮ್ಮ ನನ್ನಿಂದ ಬರೆಸಿದರು. ಅಪ್ಪ ಪೆನ್ನು ಇಸಿದುಕೊಂಡು ನಿಧಾನಕ್ಕೆ, ಲಾಗ್‌ಬುಕ್ಕಿನಲ್ಲಿ ಬರೆಯುವ ದುಂಡಗಿನ ಅಕ್ಷರದಲ್ಲಿ ಬರೆದರು: "ಫಿಲ್ಟರ್ ಹಾಲ್, ಎಡಗಡೆ ಎರಡನೇ ವಾಲ್ವ್. ಗ್ಲ್ಯಾಂಡ್‌ನಲ್ಲಿ ನೀರು ತೊಟ್ಟಿಕ್ಕುತ್ತಿದೆ. ಪ್ಯಾಕಿಂಗ್ ಬದಲಿಸಿ." ಕೆಳಗೆ ತಾರೀಖು, ಸಮಯ, ಸಹಿ.